ಲಾಂಡ್ರಿಗೆ ಬಂದ ಕಿನ್ನರಿ

ಕೋಣಣ್ಣ ಒಮ್ಮೆ ಬರೀ ಚಪ್ಪಾಳೆ ತಟ್ಟಿ ಇಡೀ ಬ್ಯಾಂಡ್ ಸೆಟ್ಟನ್ನು ನೆಲಕ್ಕುರುಳಿಸಿದ್ದ. ಇದು ನಮ್ಮ ಲಾಂಡ್ರಿಯ ಪುರಾಣದಲ್ಲಿ ಮೊದಲನೇ ಅಧ್ಯಾಯ. ಅವನದೇ ಮದುವೆಯ ಮೆರವಣಿಗೆ. ಖುಷಿ ಉಕ್ಕಿ ಬಂದು ಮದುಮಗನಿಗೆ ತಾನೂ ತಾಳ ಹಾಕೋಣ ಎನಿಸಿತು. ಮೊದಲ ಚಪ್ಪಾಳೆಗೆ ಡ್ರಮ್ಮಿನವನು ತಿರುಗಿ ನೋಡಿದ. ಎರಡನೆಯದಕ್ಕೆ ಅವನ ಬಲಗೈ ಎಡಗೈಯ ಪರಿಚಯ ಮರೆಯಿತು. ಡ್ರಮ್ಮನ್ನು ನಂಬಿದ್ದ ಕ್ಲಾರಿನೆಟ್ಟು ಅಡ್ಡದಾರಿ ಹಿಡಿಯಿತು, ಕ್ಲಾರಿನೆಟ್ಟನ್ನು ನಂಬಿದ್ದ ಕಹಳೆಯವನು ಚರಂಡಿ ಕಟ್ಟೆಯ ಮೇಲೆ ಕೂತು ಬೆವರೊರೆಸಿಕೊಂಡ. ಆ ಡ್ರಮ್ಮಿನವನು ಆಮೇಲೆ ವಾದ್ಯ ಮಾರಿ ಕೋಳಿ ಅಂಗಡಿ ಇಟ್ಟನಂತೆ. ಕೋಳಿಗಳಾದರೂ ತಾಳ ತಪ್ಪುವುದಿಲ್ಲ ಎಂದು ಗಿರಾಕಿಗಳ ಹತ್ತಿರ ಹೇಳುತ್ತಿದ್ದನಂತೆ.

ದೇವರು ತಾಳ ಹಂಚುವ ದಿನ ಕೋಣಣ್ಣ ಬುಟ್ಟಿ ತರಲು ಮನೆಗೆ ಹೋಗಿದ್ದ, ವಾಪಸ್ಸು ಬರುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಶಾಲೆಯ ಕವಾಯತಿನಲ್ಲಿ ಅವನನ್ನು ಕೊನೆಯಲ್ಲಿ ನಿಲ್ಲಿಸಿದರೆ ಕೊನೆಯ ಸಾಲು ಕೆಡುತ್ತಿತ್ತು, ಮುಂದೆ ನಿಲ್ಲಿಸಿದರೆ ಶಾಲೆಯೇ ಕಾಂಪೌಂಡಿಗೆ ಹೋಗಿ ಗುದ್ದುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಮೇಷ್ಟ್ರು, "ನೀನು ಬಾಯಿ ಆಡಿಸಪ್ಪ, ಸದ್ದು ಮಾತ್ರ ಹೊರಗೆ ಬಿಡಬೇಡ" ಎಂದು ಕೈ ಮುಗಿದಿದ್ದರಂತೆ. ಆ ಸದ್ದು ಆಮೇಲೆ ಮೂಗಿನಲ್ಲಿ ನೆಲೆಸಿತು. ಕೆಲಸ ಮಾಡುವಾಗೆಲ್ಲ 'ಗುಂಯ್' ಎಂದು ಒಂದೇ ಸ್ವರ. ಸ್ವರ ಎನ್ನುವುದೂ ನಮ್ಮ ಸೌಜನ್ಯ. ಹಾಡಿಗೂ ಪಾತ್ರೆ ಬಿದ್ದ ಸದ್ದಿಗೂ ಅವನ ಕಿವಿ ಭೇದ ಮಾಡುತ್ತಿರಲಿಲ್ಲ. ಇಂಥವನ ಕೈ ಹಿಡಿದವಳೋ ನಮ್ಮ ಲಾಂಡ್ರಿಗೇ ಒಳ್ಳೆಯ ಗಂಟಲು. ಮದುವೆಯಾದ ವಾರದಲ್ಲೇ ಅವಳು ಹಾಡುತ್ತ ಹಾಡುತ್ತ ಗಂಡನ ಮುಖ ನೋಡಿ, "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು" ಎಂದಳು. ಹೆಸರು ಅಲ್ಲೇ ಅಂಟಿತು. ಆಳೂ ಹಾಗೇ ಇದ್ದ ಎನ್ನಿ. ಬಾಗಿಲಲ್ಲಿ ನಿಂತರೆ ಒಳಗಿನವರು ದೀಪ ಹಾಕಿಕೊಳ್ಳಬೇಕಿತ್ತು. ಅವನು ನನಗೆ ಕೋಣಣ್ಣ, ಹಾಗಾಗಿ ಅವಳು ಅತ್ತಿಗೆ.

ನಮ್ಮ ಲಾಂಡ್ರಿಗೆ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬರುತ್ತದೆ. ಒಗೆಯುವುದು, ಹಿಂಡುವುದು ಯಂತ್ರಗಳ ಪಾಡು. ನಿಜವಾದ ಕೆಲಸ ರೋಲರಿನದು. ರೋಲರು ಅಂದರೆ ಎರಡಾಳುದ್ದದ ಕಬ್ಬಿಣದ ಉರುಳೆ, ಹೊಟ್ಟೆಯೊಳಗೆ ಹಬೆ, ಮುಟ್ಟಿದರೆ ಚರ್ಮ ಅದಕ್ಕೇ. ಈಚೆ ಕಡೆ ಅದರ ಬಾಯಿ. ಇಬ್ಬರು ಹೆಂಗಸರು ಒದ್ದೆ ಚಾದರದ ಎರಡು ಮೂಲೆ ಹಿಡಿದು ಬಾಯಿಗೆ ಕೊಡುತ್ತಾರೆ, ಅದು ಎಳೆದುಕೊಳ್ಳುತ್ತದೆ, ಇವರು ಸರಿಯಾದ ಹೊತ್ತಿಗೆ ಕೈ ಬಿಡುತ್ತಾರೆ. ಆಚೆ ಕಡೆಯಿಂದ ಹಪ್ಪಳದ ಹಾಗೆ ಗರಿಗರಿಯಾಗಿ ಬಂದದ್ದನ್ನು ಮಡಚುವವರು ನಾನು ಮತ್ತು ಕೋಣಣ್ಣ. ಚಾದರ ಮಡಚುವುದು ಇಬ್ಬರ ಕುಣಿತ: ಎದುರಾಗಬೇಕು, ಮೂಲೆ ಕೊಡಬೇಕು, ಹಿಂದೆ ಸರಿಯಬೇಕು. ನಾನು ಮೂಲೆ ಕೊಡಲು ಹೋದರೆ ಅವನಿನ್ನೂ ಹಿಂದೆ ಸರಿಯುತ್ತಿರುತ್ತಿದ್ದ. ಅವನ ಜೊತೆ ಸಲೀಸಾಗಿ ಮಡಚಬಲ್ಲವಳು ಭೂಮಿಯ ಮೇಲೆ ಒಬ್ಬಳೇ. ಅತ್ತಿಗೆ ಅವನಿಗಾಗಿ ಒಂದು ಉಸಿರಿನಷ್ಟು ಕಾಯುವುದನ್ನು ಕಲಿತಿದ್ದಳು.

ಅತ್ತಿಗೆ ರೋಲರಿನ ಬಾಯಲ್ಲಿ ನಿಲ್ಲುತ್ತಿದ್ದಳು. ಇನ್ನೊಂದು ಮೂಲೆ ಹಿಡಿಯುತ್ತಿದ್ದವಳು ಕೋಣಣ್ಣನ ತಂಗಿ. ಅವಳ ನಾಲಗೆಯನ್ನು ನೋಡಿ ನಾವೆಲ್ಲ ಅವಳನ್ನು ಚೂರಿ ಎನ್ನುತ್ತಿದ್ದೆವು, ಅವಳ ಬೆನ್ನ ಹಿಂದೆ. ನಮ್ಮಲ್ಲಿ ಹಳೆಯ ಕಟ್ಟಳೆಯೊಂದಿತ್ತು: ಬಾಯಲ್ಲಿ ನಿಂತವರದೇ ಹಾಡು. ಯಾರ ಕೈ ರೋಲರಿಗೆ ಹತ್ತಿರವೋ ಅವರು ಹಾಡಬೇಕು, ಉಳಿದವರೆಲ್ಲ ಆ ಲಯಕ್ಕೆ ದುಡಿಯಬೇಕು. ಅವರ ಕೈ ಸೋತರೆ ಹಾಡು ತಾನಾಗಿ ನಿಧಾನವಾಗುತ್ತಿತ್ತು, ಹಾಲ್ ಪೂರ್ತಿ ನಿಧಾನವಾಗುತ್ತಿತ್ತು. ಮಾಲೀಕ ಬಂದು ಕಣ್ಣು ಬಿಟ್ಟರೂ ಅಷ್ಟೇ. ಅತ್ತಿಗೆಗೆ ಅವಳ ತಾಯಿಯಿಂದ ಬಂದ ಹಾಡೊಂದಿತ್ತು. ಹೊಳೆ ದಾಟಲು ನೀರೇ ಬತ್ತಲಿ ಎಂದು ದಡದಲ್ಲಿ ಕಾಯುತ್ತ ಕೂತ ಸೋಮಾರಿಯೊಬ್ಬನ ಹಾಡು. ಪ್ರತಿ ಸಾಲಿನ ಕೊನೆಗೆ ಒಂದು ಎಳೆತ, ಆ ಎಳೆತದ ತುದಿಗೆ ಚಾದರದಿಂದ ಕೈ ಬಿಡುವುದು. ಸೋಮಾರಿಯ ಸಾಲು ಬಂದಾಗ ಅವಳು ರೋಲರಿನ ಮೇಲಿಂದ ಗಂಡನ ಕಡೆ ನೋಡುತ್ತಿದ್ದಳು. ಅವನು ತನ್ನನ್ನು ಹೊಗಳುತ್ತಿದ್ದಾಳೆಂದು ತಿಳಿದು ಗುಂಯ್ ಎನ್ನುತ್ತಿದ್ದ.

ಇಂಥ ಹಾಲ್‌ಗೆ ಒಂದು ದಿನ ಪೆಟ್ಟಿಗೆ ಬಂತು. ಟೋಪಿಯಷ್ಟು ದೊಡ್ಡದು, ಕಪ್ಪು ಬಣ್ಣ, ಮುಂದೊಂದು ನೀಲಿ ದೀಪ. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು. ಅದನ್ನು ಕೂರಿಸಲು ಬಂದವನು ನಾವು ಒಗೆದ ಯಾವ ಚಾದರಕ್ಕಿಂತಲೂ ಬೆಳ್ಳಗಿನ ಅಂಗಿ ತೊಟ್ಟಿದ್ದ. ರೋಲರಿನ ಆಚೆ ಬದಿಗೆ ಒಂದು ಬೆಳಕಿನ ಕಣ್ಣು ಅಂಟಿಸಿ, ಎಷ್ಟು ಚಾದರ ಹೊರಗೆ ಬರುತ್ತದೋ ಪೆಟ್ಟಿಗೆ ಎಣಿಸುತ್ತದೆ, ಅದಕ್ಕೆ ತಕ್ಕ ಹಾಡು ತಾನೇ ಹುಟ್ಟಿಸುತ್ತದೆ ಎಂದ. "ಇದು ಯಾರನ್ನೂ ಓಡಿಸಲ್ಲ ಸಾರ್. ಕೆಲಸದವರು ಹೇಗೋ ಹಾಗೆ, ಅವರ ಹಿಂದೇನೇ ಬರುತ್ತೆ" ಎಂದು ಮೇಸ್ತ್ರಿಗೆ ಹೇಳಿದ.

ಮೇಸ್ತ್ರಿ ಮೀಸೆ ಸವರಿಕೊಂಡು ನಮ್ಮ ಕಡೆ ತಿರುಗಿ, "ಕೇಳಿಸ್ತೇನ್ರಮ್ಮ? ಇನ್ಮೇಲೆ ಇದರ ಹಿಂದೆ ಹಿಂದೇನೇ ಮಾಡ್ಕೊಂಡು ಹೋಗಿ" ಎಂದ.

ಪೆಟ್ಟಿಗೆ ನಮ್ಮ ಹಿಂದೆ, ನಾವು ಪೆಟ್ಟಿಗೆಯ ಹಿಂದೆ. ತನ್ನ ಬಾಲವನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ಎಲ್ಲರೂ ನೋಡಿದ್ದೇವೆ, ನಕ್ಕಿದ್ದೇವೆ. ಆ ಹೊತ್ತಿನಲ್ಲಿ ಯಾರಿಗೂ ನಾಯಿಯ ನೆನಪಾಗಲಿಲ್ಲ.

"ಅಂತೂ ಕೋಣನ ಮನೆಗೆ ಕಿನ್ನರಿ ಬಂತಲ್ಲಪ್ಪ" ಎಂದಳು ಚೂರಿ. ಪೆಟ್ಟಿಗೆಗೆ ಹೆಸರಾಯಿತು.

ಮೊದಮೊದಲು ಹಬ್ಬವೇ. ಮಾತಿಲ್ಲದ, ಗಂಟಲಿಲ್ಲದ ಹಾಡು. ಆದರೆ ಕಾಲು ಸುಮ್ಮನಿರಲು ಬಿಡದು. ಅತ್ತಿಗೆಗೂ ಖುಷಿಯಾಗಿತ್ತು. "ಬದುಕಿದೆ ಕಣೋ ಮೈದುನ, ಸಂಜೆಗೆ ಗಂಟಲು ಉಪ್ಪುಕಾಗದ ಆಗ್ತಿತ್ತು" ಎಂದಳು. ಲಾರಿ ಬೇಗ ತುಂಬಿತು. ಮೇಸ್ತ್ರಿ ರೋಲರಿನ ವೇಗದ ಚಕ್ರವನ್ನು ಒಂದು ಗುರುತು ಮೇಲಕ್ಕೆ ತಿರುಗಿಸಿದ. ಚಾದರ ಹೆಚ್ಚು ಬಂದವು ಎಂದು ಕಿನ್ನರಿ ಒಂದು ಕೂದಲೆಳೆಯಷ್ಟು ಚುರುಕಾಯಿತು. ಕಿನ್ನರಿ ಚುರುಕಾಯಿತು ಎಂದು ಹೆಂಗಸರ ಕೈ ಚುರುಕಾಯಿತು. ಕೈ ಚುರುಕಾಯಿತೆಂದು ಮೇಸ್ತ್ರಿ ಮತ್ತೊಂದು ಗುರುತು ತಿರುಗಿಸಿದ. ಯಾರೂ ಯಾರಿಗೂ ಬೇಗ ಮಾಡಿ ಎನ್ನಲಿಲ್ಲ. ಅದೇ ಅದರ ಸೊಗಸು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಊಟದ ಹೊತ್ತಿಗೆ ಪೆಟ್ಟಿಗೆ ಬಂದ್. ನಾನು ತುತ್ತು ಎತ್ತಿದವನು ಹಾಗೇ ನಿಲ್ಲಿಸಿದೆ. ಇಡೀ ಸಾಲು ಒಟ್ಟಿಗೇ ಅಗಿಯುತ್ತಿತ್ತು. ದವಡೆಗಳೆಲ್ಲ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಡಬ್ಬಿಗಳಿಗೆ ಚಮಚ ತಾಗುವುದೂ ಒಂದೇ ಸಲ. ಅದರ ನಡುವೆ ಕೋಣಣ್ಣನೊಬ್ಬನದು ಬೇರೆ ದವಡೆ, ತನ್ನ ಪಾಡಿಗೆ, ಸಾವಕಾಶವಾಗಿ, ನೆರಳಲ್ಲಿ ಮಲಗಿದ ಪ್ರಾಣಿಯ ಹಾಗೆ. ನಗು ಬಂತು. ನಗುವಾಗ ನನ್ನ ನಗುವೂ ಅದೇ ತಾಳಕ್ಕೆ ಬಿತ್ತು. ಆಮೇಲೆ ನಗಲಿಲ್ಲ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ ಇದೆ. ಕೈ ಬಾಯಿಗೆ ತೀರಾ ಹತ್ತಿರ ಹೋದರೆ ಪಟ್ಟಿಗೆ ತಗಲುತ್ತದೆ, ಪಟ್ಟಿ ತಗಲಿದ್ದೇ ರೋಲರು ನಿಲ್ಲುತ್ತದೆ. ಕೈಕಾಯೋ ಪಟ್ಟಿ ಎನ್ನುತ್ತೇವೆ. ಹೊಸ ವೇಗಕ್ಕೆ ಚಾದರದ ದಪ್ಪ ಅಂಚು ಮೇಲಿಂದ ಮೇಲೆ ಅದಕ್ಕೆ ತಗಲತೊಡಗಿತು. ರೋಲರು ನಿಲ್ಲುತ್ತಿತ್ತು, ಹಾಡು ಮುಂದೆ ಹೋಗಿಬಿಡುತ್ತಿತ್ತು, ಆಮೇಲೆ ಇವರು ಬಸ್ಸು ತಪ್ಪಿದವರ ಹಾಗೆ ಓಡಬೇಕು. ಅದನ್ನು ಮೇಲಕ್ಕೆತ್ತಿ ಕಟ್ಟಿದ್ದು ಮಾಲೀಕನಲ್ಲ, ಮೇಸ್ತ್ರಿಯೂ ಅಲ್ಲ. ಅತ್ತಿಗೆ ಮತ್ತು ಚೂರಿ. ಹರಿದ ಚಾದರದ ಒಂದು ಅಂಚು ಸೀಳಿ ಜಡೆಗೆ ರಿಬ್ಬನ್ ಹಾಕುವ ಹಾಗೆ ಚೆಂದವಾಗಿ ಕಟ್ಟಿದರು. ಪಟ್ಟಿ ಇದ್ದದ್ದು ಅವರ ಕೈ ಉಳಿಯಲೆಂದು. ಅವರಿಗೆ ಹಾಡು ತಪ್ಪುವುದು ಅದಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತ್ತು.

"ಏನತ್ತಿಗೆ ಇದು?" ಎಂದು ಕೇಳಿದೆ.

"ತೊಡರ್ತಾ ಇತ್ತು ಕಣೋ. ಈಗ ನೋಡು, ನೀರು ಹರಿದ ಹಾಗೆ ಹೋಗ್ತಿದೆ."

"ನೀನು ನಿನ್ನ ಮಡಿಕೆ ನೋಡ್ಕೋ. ನಿಮ್ಮಿಬ್ಬರ ಕಡೆ ಚಾದರ ಗುಡ್ಡ ಬಿದ್ದಿದೆ, ಅದರ ಮೇಲೆ ಮೇಕೆ ಮೇಯಿಸಬಹುದು" ಎಂದಳು ಚೂರಿ.

ಆಮೇಲಿನದು ಮನೆಯಲ್ಲಿ ನಡೆದದ್ದು. ಮರುದಿನ ಮಡಚುವಾಗ ಕೋಣಣ್ಣನೇ ಹೇಳಿದ. ಅವನು ತಾನಾಗಿ ಮಾತು ಶುರು ಮಾಡಿದ ಎಂದರೆ ನನಗೆ ಮೊದಲು ಬಂದ ಯೋಚನೆ, ಯಾರೋ ಸತ್ತಿರಬೇಕು ಎಂದು.

"ನಿನ್ನೆ ಮನೇಲಿ ಹಾಸಿಗೆ ಚಾದರ ಮಡಚ್ತಿದ್ವಿ, ನಾನೂ ಅವಳೂ. ಬಿದ್ದೋಯ್ತು."

"ಏನು?"

"ಚಾದರ. ಕೆಳಗೆ ಬಿತ್ತು."

"ಬಿದ್ರೆ ಎತ್ಕೊಳ್ಳಿ. ಅದಕ್ಕೆ ಮುಖ ಯಾಕೆ ಹೀಗೆ ಮಾಡಿದೀಯ?"

"ಮೂರು ಸಲ ಬಿತ್ತು ಕಣೋ. ನಾನು ಮೂಲೆ ಹಿಡಿಯೋಕೆ ಮುಂಚೆನೇ ಅವಳು ಬಿಟ್ಬಿಡ್ತಾಳೆ. ಮದುವೆ ಆದಾಗಿಂದ ಒಂದು ಸಲಾನೂ ಬಿದ್ದಿರ್ಲಿಲ್ಲ. ಯಾಕೆ ಬಿಟ್ಟೆ ಅಂದ್ರೆ, ಬಿಡೋ ಹೊತ್ತಾಗಿತ್ತಲ್ಲ ಅಂತಾಳೆ." ಸ್ವಲ್ಪ ಹೊತ್ತು ಗುಂಯ್ ಎಂದ. "ನನಗಾಗಿ ಅವಳು ಕಾಯ್ತಿಲ್ಲ. ಅವಳ ಕೈ ಇನ್ನ್ಯಾರಿಗೋ ಕಾಯ್ತಿದೆ."

ಬೇರೆ ಗಂಡಸು ಹೇಳಿದ್ದರೆ ಇದು ಚಾಡಿಗೆ ಒಳ್ಳೆಯ ವಸ್ತು. ಇವನು ಹೇಳಿದ್ದರಿಂದ ನಾನೇ ಒಮ್ಮೆ ಪರೀಕ್ಷಿಸಿ ನೋಡಬೇಕೆನಿಸಿತು. ಅವತ್ತು ಮಧ್ಯಾಹ್ನ ಅತ್ತಿಗೆಯನ್ನು, "ಆ ಸೋಮಾರಿ ಹಾಡು ಒಂದು ಸಲ ಹೇಳಿ, ಕೇಳಿ ಎಷ್ಟು ದಿನ ಆಯ್ತು" ಎಂದು ತಮಾಷೆಗೆ ಪುಸಲಾಯಿಸಿದೆ. ಅವಳು ನಗುತ್ತ ಬಾಯಿ ತೆರೆದಳು. ಬಂದದ್ದು ಕಿನ್ನರಿಯ ಹಾಡು. ಮತ್ತೆ ಶುರು ಮಾಡಿದಳು. ಮೊದಲ ಮಾತು ಸೋಮಾರಿಯ ಹಾಡಿನದ್ದೇ, ಎರಡನೆಯ ಮಾತಿಗೆ ಮತ್ತೆ ಕಿನ್ನರಿ ಓಡಿ ಬಂದು ಹತ್ತಿಕೊಂಡಿತು. ಅತ್ತಿಗೆ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನಾಲಗೆ ತುದೀಲೇ ಇತ್ತು" ಎಂದಳು. "ಅಮ್ಮನ ಹಾಡು ಕಣೋ. ಎಲ್ಲಿಗೆ ಹೋಗುತ್ತೆ?"

ಕೋಣಣ್ಣ ಅವತ್ತೇ ಮೇಸ್ತ್ರಿಯ ಮುಂದೆ ಹೋಗಿ ನಿಂತ. ರಣರಂಗಕ್ಕೆ ಹೊರಟ ವೀರನ ಹಾಗೆ ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಕೈಯಲ್ಲಿ ದಿಂಬಿನ ಚೀಲಗಳ ಕಟ್ಟಿತ್ತು, ಅದನ್ನು ಎಲ್ಲಿಡುವುದೆಂದು ತೋಚದೆ ಮಗುವಿನಂತೆ ಎತ್ತಿಕೊಂಡಿದ್ದ.

"ಆ ಪೆಟ್ಟಿಗೆ ಆರಿಸ್ಬಿಡಿ ಮೇಸ್ತ್ರಿ. ಬಾಯಲ್ಲಿ ನಿಂತೋರೇ ಹಾಡ್ಲಿ, ಮುಂಚಿನ ಹಾಗೆ."

ಮೇಸ್ತ್ರಿ ಹಾಲ್‌ಗೆಲ್ಲ ಕೇಳುವ ಹಾಗೆ ನಕ್ಕ. "ಹಾಡಿನ ವಿಷಯ ನೀನು ಹೇಳ್ತೀಯಾ? ಕೋಣನಿಗೆ ಕಿನ್ನರಿ ಸೇರ್ಲಿಲ್ಲ ಅಂತ ಕಿನ್ನರೀನ ಬಾವಿಗೆ ಹಾಕೋಕಾಗುತ್ತಾ? ಹೋಗು ಹೋಗು. ಇಡೀ ಹಾಲಲ್ಲಿ ಹಿಂದೆ ಬಿದ್ದಿರೋನು ನೀನೊಬ್ಬನೇ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ನಗು ನಾಲ್ಕು ಸಲ ಎದ್ದು, ನಾಲ್ಕು ಸಲ ಬಿದ್ದು, ಒಟ್ಟಿಗೇ ನಿಂತಿತು.

ಅಂದಿನಿಂದ ಕೋಣಣ್ಣ ಮಡಚುವ ಜಾಗ ಬದಲಿಸಿದ. ನನ್ನ ಜಾಗಕ್ಕೆ ತಾನು ಬಂದ, ತನ್ನ ಜಾಗಕ್ಕೆ ನನ್ನನ್ನು ತಳ್ಳಿದ. ಅಲ್ಲಿ ನಿಂತರೆ ರೋಲರಿನ ಮೇಲಿನ ಸಂದಿಯಲ್ಲಿ ಬಾಯಿ ಕಡೆಯ ಹೆಂಗಸರ ಕೈಗಳು ಕಾಣುತ್ತವೆ. ಮುಖ ಕಾಣುವುದಿಲ್ಲ, ಕೈ ಮಾತ್ರ. ಇವನು ಕತ್ತನ್ನು ಪಕ್ಕಕ್ಕೆ ತಿರುಚಿಕೊಂಡು ಆ ಕೈಗಳನ್ನೇ ನೋಡುತ್ತ ಮಡಚತೊಡಗಿದ. ಮೊದಲೇ ಎಡವಟ್ಟು, ಈಗ ಕಣ್ಣೂ ಇಲ್ಲ. ಚಾದರಗಳು ಮುದುಡಿದ ಎಲೆಕೋಸಿನ ಹಾಗೆ ಗುಡ್ಡೆ ಬೀಳತೊಡಗಿದವು. "ಹೆಂಡ್ತಿ ಕೈನ ಈ ವಯಸ್ಸಲ್ಲಿ ಹೀಗೆ ನೋಡೋ ಗಂಡಸನ್ನ ಇಲ್ಲೇ ಕಂಡಿದ್ದು" ಎಂದು ನಾನು ಛೇಡಿಸಿದರೆ ಅವನಿಗೆ ಕೇಳಿಸಲೇ ಇಲ್ಲ.

ಆ ದಿನ ಬಂತು. ದೊಡ್ಡ ಹೋಟೆಲಿನಲ್ಲಿ ಏನೋ ಸಮ್ಮೇಳನ ಮುಗಿದಿತ್ತು, ಎರಡು ಲಾರಿ ಚಾದರ. ಬೆಳಗಿನಿಂದ ಕಿನ್ನರಿ ಓಡುತ್ತಿತ್ತು. ವೇಗದ ಚಕ್ರ ಎಷ್ಟು ಮೇಲೆ ಹೋಗಿತ್ತೆಂದರೆ ಅಲ್ಲಿ ಗುರುತುಗಳೇ ಇರಲಿಲ್ಲ, ತುಕ್ಕು ಮಾತ್ರ ಇತ್ತು. ಯಾರೂ ಮಾತಾಡುತ್ತಿರಲಿಲ್ಲ. ಚೂರಿಯೂ ಮಾತಾಡುತ್ತಿರಲಿಲ್ಲ, ಇದಕ್ಕಿಂತ ದೊಡ್ಡ ಅಪಶಕುನ ನಮ್ಮಲ್ಲಿಲ್ಲ. ಹಬೆ ಏರಿ ಹಾಲ್ ಬೆಳ್ಳಗಾಗಿತ್ತು, ಆ ಬಿಳುಪಿನಲ್ಲಿ ನೀಲಿ ದೀಪ ಮಿಟುಕುತ್ತಿತ್ತು. ಹಿಡಿ, ಕೊಡು, ಬಿಡು. ಹಿಡಿ, ಕೊಡು, ಬಿಡು. ನನ್ನ ಕೈಗಳು ನನ್ನವಲ್ಲ ಎನಿಸಿತ್ತು. ಬಾಡಿಗೆಗೆ ತಂದ ಯಾರದೋ ಕೈಗಳು ಚೆನ್ನಾಗಿ ಕೆಲಸ ಮಾಡುವುದನ್ನು ನಿಂತು ನೋಡುತ್ತಿರುವ ಹಾಗೆ.

ಆಗ ಹಾಡು ನಿಂತಿತು.

ಆಮೇಲೆ ತಿಳಿದದ್ದು: ಇಲಿಯೊಂದು ಪೆಟ್ಟಿಗೆಯ ತಂತಿ ಕಡಿದಿತ್ತು. ಮಹಾಕಾವ್ಯದಲ್ಲಾದರೆ ಇಷ್ಟು ದೊಡ್ಡ ಕೆಲಸಕ್ಕೆ ಇಲಿಯನ್ನು ಕಳಿಸುತ್ತಿರಲಿಲ್ಲ. ಪೆಟ್ಟಿಗೆಯ ತಂತಿ ಬೇರೆ, ರೋಲರಿನ ತಂತಿ ಬೇರೆ. ಕಿನ್ನರಿ ಸತ್ತಿತು, ರೋಲರು ತಿರುಗುತ್ತಲೇ ಇತ್ತು.

ನಾನು ಚಾದರದ ಮೂಲೆ ಹಿಡಿದು ನಿಂತೆ. ಹಿಂದೆ ಸರಿಯಬೇಕು ಎಂದು ಗೊತ್ತಿತ್ತು. ಸರಿಯುವ ಹೊತ್ತು ಬರಲಿಲ್ಲ. ಗಾಡಿ ತಳ್ಳುವವನು ಒಂದು ಕಾಲು ಎತ್ತಿ ನಿಂತಿದ್ದ. ಮೇಸ್ತ್ರಿ ಸಹಿ ಹಾಕಲು ಎತ್ತಿದ ಪೆನ್ನು ಗಾಳಿಯಲ್ಲಿತ್ತು. ಇಡೀ ಹಾಲ್ ಕಲ್ಲಾಗಿ, ಬಾರದ ಒಂದು ತಾಳಕ್ಕಾಗಿ ಕಾಯುತ್ತಿತ್ತು. ರೋಲರಿನ ಬಾಯಲ್ಲಿ ಇಬ್ಬರೂ ಚಾದರದ ಮೂಲೆ ಹಿಡಿದೇ ನಿಂತಿದ್ದರು. ಚಾದರ ಒಳಗೆ ಹೋಗುತ್ತಿತ್ತು. ಅದರ ಹಿಂದೆ ಅವರ ಕೈ ಹೋಗುತ್ತಿತ್ತು. ಪಟ್ಟಿ ಮೇಲೆ ರಿಬ್ಬನ್ ಕಟ್ಟಿಸಿಕೊಂಡು ಚೆಂದವಾಗಿ ತೂಗುತ್ತಿತ್ತು.

ಆ ಬೆಳ್ಳಗಿನ ಹಾಲ್‌ನಲ್ಲಿ ಒಂದೇ ಸದ್ದು: ಗುಂಯ್.

ಅದು ಚಲಿಸುತ್ತಿತ್ತು. ಇವತ್ತಿನವರೆಗೆ ಯಾವ ಬಸ್ಸನ್ನೂ ಹೊತ್ತಿಗೆ ಹಿಡಿಯದವನು, ಸ್ವಂತ ಮದುವೆಯ ಮೆರವಣಿಗೆಯಲ್ಲೇ ಹಿಂದೆ ಬಿದ್ದವನು, ಚಾದರದ ಗುಡ್ಡೆಯ ಮೇಲೆ ಹತ್ತಿ, ಗಾಡಿಯನ್ನು ಉರುಳಿಸಿ, ಮೇಸ್ತ್ರಿಯನ್ನು ಎದೆಯಿಂದ ಪಕ್ಕಕ್ಕೆ ತಳ್ಳಿ ರೋಲರಿನ ಬಾಯಿಯ ಬದಿಗೆ ಹೋದ. ಅಲ್ಲಿ ಕಂಬದ ಮೇಲಿದ್ದ ಕೆಂಪು ಗುಂಡಿಗೆ ಮುಷ್ಟಿಯಿಂದ ಗುದ್ದಿದ. ಗುಂಡಿ ಒಡೆಯಿತು. ರೋಲರು ನರಳಿ ನಿಂತಿತು.

ಚೂರಿಯ ಕೈ ಬಾಯಿಯಿಂದ ಗೇಣುದ್ದ ದೂರದಲ್ಲಿತ್ತು. ಅತ್ತಿಗೆಯದು ದೂರದಲ್ಲಿರಲಿಲ್ಲ. ಬೆರಳ ತುದಿಗಳು ಒಳಗಿದ್ದವು. ಅವನು ಉರುಳೆಯನ್ನು ಹಿಂದಕ್ಕೆ ತಿರುಗಿಸಿ ಅವುಗಳನ್ನು ಬಿಡಿಸಿದ. ಎರಡು ಬೆರಳ ತುದಿಯ ಚರ್ಮ ಕಬ್ಬಿಣದ ಮೇಲೆಯೇ ಉಳಿಯಿತು. ಆವರೆಗೂ ಅತ್ತಿಗೆ ಕೂಗಿರಲಿಲ್ಲ. ಅವಳು ಗಂಡನ ಮುಖ ನೋಡಿ, ನಿದ್ದೆಯಲ್ಲಿ ಮಾತಾಡುವವಳ ಹಾಗೆ, "ಬಿಡೋ ಜಾಗ ಬಂದಿರ್ಲಿಲ್ಲ... ಇನ್ನೂ ಬಂದಿರ್ಲಿಲ್ಲ" ಎಂದಳು. ಆಮೇಲೆ ಕೂಗಿದಳು.

ಕೈ ಉಳಿಯಿತು. ಎರಡು ಉಗುರು ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಬ್ಯಾಂಡೇಜು ಸುತ್ತಿಕೊಂಡು ಅತ್ತಿಗೆ ಲಾಂಡ್ರಿಗೆ ಬಂದವಳು ಮೊದಲು ಮಾಡಿದ ಕೆಲಸ, ಉಳಿದ ಬೆರಳುಗಳಿಂದ ಆ ರಿಬ್ಬನ್ನು ಬಿಚ್ಚಿದ್ದು. ಚೂರಿ ಸಹಾಯಕ್ಕೆ ಹೋಗಿ ಬೈಸಿಕೊಂಡಳು. ಬೈಸಿಕೊಂಡು ಸುಮ್ಮನಾದದ್ದು ಅವಳ ಆಯುಸ್ಸಿನಲ್ಲೇ ಮೊದಲು.

ಪೆಟ್ಟಿಗೆಯನ್ನು ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆವು. ಬೆಳ್ಳಗಿನ ಅಂಗಿಯವನು ಮತ್ತೆ ಬಂದ. ಎಲ್ಲ ಕೇಳಿ ತಿಳಿದುಕೊಂಡ, ನಿಜಕ್ಕೂ ಮರುಗಿದ, ಅತ್ತಿಗೆಗೆ ಹಣ್ಣು ತಂದುಕೊಟ್ಟ. ಆಮೇಲೆ ಹಾಲ್ ನಡುವೆ ನಿಂತು ತನಿಖೆಯ ಸಾರ ತಿಳಿಸಿದ. "ತಪ್ಪು ಎಲ್ಲಾಗಿದೆ ಅಂತ ಸಿಕ್ತು. ಹಾಡು ನಿಂತಿದ್ದೇ ತಪ್ಪು. ಇನ್ನು ಮುಂದೆ ಒಳಗೇ ಬ್ಯಾಟರಿ ಇರುತ್ತೆ. ತಂತಿ ಹೋಗ್ಲಿ, ಕರೆಂಟ್ ಹೋಗ್ಲಿ, ಬೆಂಕೀನೇ ಬೀಳ್ಲಿ. ಹಾಡು ಇನ್ನು ನಿಲ್ಲೋದೇ ಇಲ್ಲ."

ಮೇಸ್ತ್ರಿ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಚಪ್ಪಾಳೆ ಒಂದೇ ಆಳು ತಟ್ಟಿದ ಹಾಗೆ ಒಟ್ಟಿಗೆ ಎದ್ದು ಒಟ್ಟಿಗೆ ನಿಂತಿತು. ನಿಂತ ಮೇಲೆ, ತಡವಾಗಿ, ಕೋಣಣ್ಣನದೊಂದು. ಅತ್ತಿಗೆಯ ಕೈ ತಟ್ಟುವ ಹಾಗಿರಲಿಲ್ಲ. ಅವಳು ಗಂಡನ ಕಡೆ ತಿರುಗಿ ನೋಡಿದಳು. ಏನೋ ನೆನಪು ಮಾಡಿಕೊಳ್ಳುವವಳ ಹಾಗೆ ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ನೀಲಿ ದೀಪ ಹತ್ತಿಕೊಂಡಿತು.

ಹೊರಡುವ ಮುಂಚೆ ಅಂಗಿಯವನು ಕೋಣಣ್ಣನ ಕೈ ಹಿಡಿದು ಕುಲುಕಿದ. ಕುಲುಕುವುದೂ ತಾಳ ತಪ್ಪಿತು. "ಒಂದು ವಿಷಯ ಕೇಳ್ಬೇಕು ಅಂತ ಇತ್ತು. ಹಾಡು ನಿಂತ ತಕ್ಷಣ ಹಾಲಲ್ಲಿ ಇದ್ದೋರೆಲ್ಲ ಕಲ್ಲಾದ್ರು. ನೀವೊಬ್ಬರೇ ಓಡಿದ್ದು. ಆ ನಿಶ್ಶಬ್ದದಲ್ಲಿ ನಿಮಗೆ ಅಂಥದ್ದೇನು ಕೇಳಿಸ್ತು?"

ನಾವೆಲ್ಲ ಹತ್ತಿರ ಬಂದೆವು. ಪುರಾಣದ ಎರಡನೇ ಅಧ್ಯಾಯಕ್ಕೆ ಒಂದು ಒಳ್ಳೆಯ ಮಾತು ಬೇಕಿತ್ತು.

ಕೋಣಣ್ಣ ಅತ್ತಿಗೆಯ ಕಡೆ ತಿರುಗಿದ.

"ಹಾಡು ನಿಂತಿತ್ತಾ?" ಎಂದ. "ನನಗೆ ಗೊತ್ತಾಗ್ಲಿಲ್ಲ. ಇವಳು ಕೈ ಬಿಡ್ಲಿಲ್ಲ, ಅದಕ್ಕೆ ಹೋದೆ."